ಕಾವಲಿಲ್ಲದ ಶಬ್ದ

ಫಹಾಹೀಲಿನ ಬಸ್ ಸ್ಟ್ಯಾಂಡಿನ ಹಿಂದೆ
ಮೊಬೈಲ್ ಕವರಿನಂಗಡಿಗೂ ಜ್ಯೂಸಿನಂಗಡಿಗೂ ನಡುವೆ
ನನ್ನದೊಂದು ಟೈಪಿಂಗ್ ಮೇಜು.
ಇಂಗ್ಲಿಷು ಪುಟಕ್ಕೆ ಅರ್ಧ ದೀನಾರ್, ಅರಬ್ಬಿಗೆ ಮುಕ್ಕಾಲು,
ಅಳುವವರಿಗೆ ನೀರು ಪುಕ್ಕಟೆ.

ಕ್ಯಾಂಪಿನ ಅಡುಗೆಯ ಹಿರಿಯಣ್ಣ ಖಾರ್ವಿ ಬಂದು ಕೂತ.
ಬೆರಳಲ್ಲಿ ಹಸಿಮೀನಿನ ವಾಸನೆ,
ಕಿಸೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಸಿವಿಲ್ ಐಡಿ.
ಮಂಗಫಿನ ಆಸ್ಪತ್ರೆಯಲ್ಲಿ ಅಡುಗೆಯವ ಬೇಕಂತೆ,
ಕಂಪನಿಯಿಂದೊಂದು ಸರ್ಟಿಫಿಕೇಟು.
"ಚೂರ್ ಗಟ್ಟಿ ಇಂಗ್ಲಿಷಗೆ ಬರೀರಿ ಮರ್ರೆ,
ಓದಿದವ್ರ್ ಒಂದ್ ಗಳ್ಗಿ ನಿಲ್ಕ್."

ಫೇಮಸ್ ಎಂದಿದ್ದರೆ ಸಾಕಿತ್ತು.
ಆದರೆ ಈ ಊರಲ್ಲಿ ಪರೋಟವೂ ಫೇಮಸ್, ಟೈಲರೂ ಫೇಮಸ್,
ಸವೆದು ಹಿಮ್ಮಡಿ ಕಾಣುವ ಚಪ್ಪಲಿ ಅದು.
ಹತ್ತನೆಯ ಕ್ಲಾಸಿನ ಕತ್ತಲಲ್ಲಿ ತಡಕಿದೆ.
ಗ್ಲೋರಿಯಸ್ ಸಿಕ್ಕಿತು. ವಿಕ್ಟೋರಿಯಸ್ ಸಿಕ್ಕಿತು.
ಅವುಗಳದೇ ಬಾಲ ಆಡಿಸುತ್ತ, ಒಡಹುಟ್ಟಿದ್ದರ ಹಾಗೆ,
ಇನ್ನೊಂದು ಬಂತು: ನೊಟೋರಿಯಸ್.
ರೇಡಿಯೋದಲ್ಲಿ ದೊಡ್ಡ ದೊಡ್ಡ ಹೆಸರುಗಳ ಮುಂದೆ ಕೇಳಿದ ನೆನಪು.
ಒತ್ತಿದೆ.
ಹಿರಿಯಣ್ಣ ಖಾರ್ವಿ, ಹತ್ತೊಂಬತ್ತು ವರ್ಷಗಳಿಂದ,
ಈ ಕ್ಯಾಂಪಿನಲ್ಲಿ ಪ್ರಾಮಾಣಿಕತೆಗೂ ಮೀನುಸಾರಿಗೂ
ನೊಟೋರಿಯಸ್.

ನಮ್ಮಲ್ಲಾದರೆ ಕು ಎಂಬ ಒಂದಕ್ಷರ
ಹೊಸ್ತಿಲಲ್ಲೇ ಕೋಲು ಹಿಡಿದು ಕೂತಿರುತ್ತದೆ.
ಖ್ಯಾತಿಯ ಅಂಗಿ ತೊಟ್ಟು ಕೇಡು ಒಳಬಂದರೆ
ಕೆಮ್ಮುತ್ತದೆ.
ಈ ಶಬ್ದಕ್ಕೆ ಕಾವಲಿಲ್ಲ.
ಮ್ಯಾನೇಜರು ಓದಿ, ಮಶ್‌ಹೂರ್, ಮಶ್‌ಹೂರ್ ಎಂದು ತಲೆದೂಗಿ
ನೀಲಿ ಸೀಲು ಒತ್ತಿಯೇಬಿಟ್ಟ.

ಹದಿನೈದು ದಿನ ಕಳೆದು ಮತ್ತೆ ಬಂದ.
ಆಸ್ಪತ್ರೆಯ ಮನಿಲಾ ಮೇಡಂ ಕಾಗದ ಓದಿ ನಿಂತರಂತೆ,
ಅವನು ಬಯಸಿದ ಹಾಗೆಯೇ, ಒಂದು ಗಳಿಗೆ.
ಕನ್ನಡಕ ತೆಗೆದು ಮೆಲ್ಲಗೆ ಕೇಳಿದರಂತೆ,
ಅಂಥದ್ದೇನು ಮಾಡಿದ್ದೀಯಪ್ಪ?

"ಇವ್ರಿಗೆ ಯಾರ್ ಹೇಳಿದ್ದ್ ಅಂದ್ಕಂಡೆ.
ಸೀಲ್ ಬಿದ್ದ ಕಾಗ್ದ, ಅದ್ರಗೇ ಇತ್ತಲ್ದಾ.
ಎಲ್ಲ ಹೇಳ್ಬಿಟ್ಟೆ."

ಎಲ್ಲ ಎಂದರೆ ಇಷ್ಟು.
ಗ್ಯಾಸ್ ಸಿಲಿಂಡರಿನ ಕೋಣೆಯ ಹಿಂದೆ ಒಬ್ಬನಿದ್ದ, ಎರಡು ಬೇಸಿಗೆ.
ಸಂಬಳ ಕೇಳಿದ್ದಕ್ಕೆ ಧಣಿ ಅವನನ್ನು
ಓಡಿಹೋದವರ ಪಟ್ಟಿಗೆ ಸೇರಿಸಿದ್ದ.
ಹೆಸರು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ.
ಲೆಕ್ಕದಲ್ಲಿ ನೂರಹನ್ನೆರಡು ತಟ್ಟೆ,
ಬೇಯಿಸಿದ್ದು ನೂರಹದಿಮೂರಕ್ಕೆ.
ಉಳಿದದ್ದರ ಎದುರು ಪುಸ್ತಕದಲ್ಲಿ
ದಿನವೂ ಬರೆದ: ಬೆಕ್ಕು.
"ಸುಳ್ಳಲ್ದಾ ಅದ್? ಅದೇ ಆಯ್ಕ್ ಅಂದ್ಕಂಡೆ."

ಅವನೆದುರೇ ನಿಘಂಟು ತೆರೆದೆ.
ಕೆಟ್ಟದ್ದಕ್ಕೆ ಹೆಸರಾದ, ಕುಖ್ಯಾತ.
ಬಳಕೆಗೆ ಉದಾಹರಣೆ: ಒಬ್ಬ ದರೋಡೆಕೋರ,
ಒಂದು ಸೆರೆಮನೆ, ಲಾರಿಗಳು ಮಗುಚುವ ಒಂದು ತಿರುವು.
ಅಡುಗೆಯವನಿರಲಿಲ್ಲ.
ಕಿವಿ ಬಿಸಿಯಾಯಿತು ನನಗೆ.
ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.
ಆನೆ ಎಲ್ಲಿಂದ ತರಲಿ ಈ ಮರಳಲ್ಲಿ, ಕಳೆದದ್ದು
ಅವನದೇ ಅರ್ಧ ದೀನಾರಿಗೆ.

ತಪ್ಪು ನನ್ನದೆಂದೆ. ದುಡ್ಡು ಬೇಡವೆಂದೆ.
ವೆಲ್ ನೋನ್ ಎಂದು ಹೊಸದಾಗಿ ಹೊಡೆದುಕೊಟ್ಟೆ.
ಎರಡೂ ಹಾಳೆಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ.
"ಇದ್ ಸಪೂರ ಆಯ್ತ್.
ಹಳೇದ್ ನನ್ನತ್ರವೇ ಇರ್ಲಿ ಮರ್ರೆ.
ಇಷ್ಟ್ ವರ್ಷದಗೆ
ಎಂತ ಮಾಡಿದ್ದಿ ಅಂದೇಳಿ ಕೇಂಬವ್ರೇ ಇರ್ಲಿಲ್ಲೆ."

ಕೆಲಸ ಸಿಕ್ಕಿತೋ ಎಂದು ನಾನು ಕೇಳುವ ಮೊದಲೇ
ಮಂಗಫ್ ಬಸ್ಸು ಬಂದು ಎದ್ದಿದ್ದ.
ಹೊರಗೆ ಕಾಲಿಟ್ಟವನು ತಿರುಗಿ ಹೇಳಿದ:
"ಆ ಮೇಡಂ ಮತ್ತೂ ಒಂದ್ ಕೇಂಡ್ರ್,
ಅವ್ನ್ ಕಡಿಗೆ ಎಲ್ಲಿಗ್ ಹೋದ ಅಂದೇಳಿ.
ನಂಗೆಂತ ಗೊತ್ತ್?
ಒಂದಿನ ಬೆಳಿಗ್ಗೆ ಹೋಯ್ ಕಂಡ್ರೆ
ತಟ್ಟಿ ತೊಳ್ದ್ ಮಗ್ಚಿ ಇಟ್ಟಿತ್ತ್."